ಮಗ್ರಿಬ್ ಬಾಂಗಿಗೆ ಮೊದಲು

ಗೆರೆಸ್ ಹಟ್ಟಿ, ಲೊಂಬೊಕ್
ಗುರುವಾರ ಮಧ್ಯಾಹ್ನ

ಪ್ರೀತಿಯ ಟೀಚರು ಬು ಕುಸ್ಮಿ ಅವರಿಗೆ,

ನಿಮ್ಮ ರುಮಿಸಾ ಮಾಡುವ ಸಲಾಮು. ಮತಾರಂನಲ್ಲಿ ತರಬೇತಿ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡಿದ್ದೇನೆ. ಅಲ್ಲಿಯ ಹಾಸ್ಟೆಲಿನ ಊಟ ನಿಮಗೆ ಹಿಡಿಸುವುದಿಲ್ಲವೆಂದು ಗೊತ್ತು. ವ್ಯಾನಿನವನ ಕೈಲಿ ಈ ಕಾಗದದ ಜೊತೆ ಒಂದಿಷ್ಟು ಕರಿದ ಬಾಳೆಹಣ್ಣನ್ನೂ ಕಳಿಸೋಣ ಎಂದು ಎಣ್ಣೆ ಕಾಯಿಸಿದ್ದೆ. ಆಮೇಲೆ ಒಲೆ ಆರಿಸಿಬಿಟ್ಟೆ. ಈ ಕಾಗದ ಓದಿದ ಮೇಲೆ ನನ್ನ ಕೈಯ ತಿಂಡಿ ನಿಮ್ಮ ಗಂಟಲಲ್ಲಿ ಇಳಿಯುತ್ತದೆಯೋ ಇಲ್ಲವೋ ತಿಳಿಯದು.

ಫೋನು ಮಾಡಬಹುದಿತ್ತು. ಮಾಡಿದ್ದೆ ಕೂಡ, ಆ ಕಡೆ ರಿಂಗಾಗುವಷ್ಟರಲ್ಲಿ ಕತ್ತರಿಸಿದೆ. ನೀವು "ಹೇಳು ರುಮಿಸಾ" ಎಂದರೆ ನನ್ನ ನಾಲಿಗೆ ಒಳಗೆ ಸೇರಿಕೊಳ್ಳುತ್ತದೆ. ಆರನೇ ತರಗತಿಯವರೆಗೆ ಕಲಿತ ಅಕ್ಷರವೇ ನನಗೆ ಮಾತಿಗಿಂತ ವಾಸಿ. ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ.

ನುರ್ಮಿಯಾ ಶಾಲೆಗೆ ಬರುತ್ತಿಲ್ಲವೆಂದು ಹೆಡ್‌ಮಾಸ್ತರರು ನಿಮಗೆ ತಿಳಿಸಿರಬಹುದು. ಯಾಕೆಂದು ತಿಳಿಸಿರಲಾರರು. ಅವಳು ಸೋಮವಾರ ಸಂಜೆಯಿಂದ ಅವಳದೇ ತರಗತಿಯ ಜುಮಾಹಿರನ ಸೋದರತ್ತೆಯ ಮನೆಯಲ್ಲಿದ್ದಾಳೆ. ಹಟ್ಟಿಯವರ ಲೆಕ್ಕದಲ್ಲಿ ಅವನು ಅವಳನ್ನು ಪದ್ಧತಿಯಂತೆ ಮದುವೆಗೆಂದು ಕದ್ದೊಯ್ದಿದ್ದಾನೆ. ನಾಳೆ ಜುಮ್ಮಾ ನಮಾಜು ಮುಗಿದ ಮೇಲೆ ಹಿರಿಯರು ಕೂತು ಗಂಡಿನ ಕಡೆಯವರು ಕೊಡಬೇಕಾದ ತೆರ ಗೊತ್ತುಮಾಡುತ್ತಾರೆ. ತೆರ ಗೊತ್ತಾದರೆ ನಿಕಾಹ್ ಆದ ಹಾಗೆಯೇ. ನಿಮ್ಮ ಹತ್ತನೇ ತರಗತಿಯ ಮೊದಲ ಬೆಂಚಿನ ಹುಡುಗಿ ಬರುವ ವಾರ ಯಾರದೋ ಮನೆಯ ಸೊಸೆ.

ಇದು ಆದದ್ದು ನನ್ನಿಂದ. ಹೇಗೆಂದು ಬರೆಯುತ್ತೇನೆ. ನಡುವೆ ಬೇರೆ ಬೇರೆ ಮಾತು ಬಂದರೆ ಬೇಸರ ಮಾಡಿಕೊಳ್ಳಬೇಡಿ. ನೇರವಾಗಿ ಬರೆಯಲು ನೋಡಿದರೆ ಕೈ ನಿಲ್ಲುತ್ತದೆ.

ನೀವು ರಾಸಾಯನಿಕ ಬಂಧದ ಪಾಠ ಶುರುಮಾಡಿದ ದಿನ ನಾನು ಮಾರುವ ತಿಂಡಿಯ ಬುಟ್ಟಿ ಇಟ್ಟುಕೊಂಡು ತರಗತಿಯ ಬಾಗಿಲಲ್ಲಿ ಕೂತಿದ್ದೆ. ವಿರಾಮದ ಗಂಟೆಗೆ ಕಾಯುತ್ತಿದ್ದೆನೇ ಹೊರತು ಪಾಠಕ್ಕೆಂದು ಕೂತವಳಲ್ಲ. ನೀವು ಪುಸ್ತಕ ಮುಚ್ಚಿಟ್ಟು, ನನ್ನಿಂದ ತೊಳೆಸಿಟ್ಟಿದ್ದ ಹುಣಸೆಬೀಜದ ಡಬ್ಬಿ ತೆರೆದಿರಿ. ಬೀಜಗಳೇ ಎಲೆಕ್ಟ್ರಾನು, ಮಕ್ಕಳೇ ಪರಮಾಣು ಎಂದಿರಿ. ಹೊರಗಿನ ಸುತ್ತಿನಲ್ಲಿ ಎಂಟು ತುಂಬಿದರೆ ಪರಮಾಣುವಿಗೆ ನೆಮ್ಮದಿ, ಉಳಿದದ್ದೆಲ್ಲ ಅದಕ್ಕಾಗಿ ನಡೆಯುವ ಓಡಾಟ ಎಂದಿರಿ. ಸಾಪ್ರಿಯ ಕೈಗೆ ಒಂದೇ ಬೀಜ ಕೊಟ್ಟು ಸೋಡಿಯಂ ಮಾಡಿದಿರಿ. ಹಸ್ನಿಗೆ ಏಳು ಕೊಟ್ಟು ಕ್ಲೋರಿನ್ ಮಾಡಿದಿರಿ. ಸಾಪ್ರಿ ತನ್ನ ಒಂಟಿ ಬೀಜವನ್ನು ಹಸ್ನಿಗೆ ಕೊಡಬೇಕಿತ್ತು.

ಸಾಪ್ರಿ ಕೊಡಲಿಲ್ಲ. "ಬು, ಅವಳ ಹತ್ರ ಏಳಿದಾವೆ. ನನ್ ಹತ್ರ ಇರೋದೇ ಒಂದು. ಅದನ್ನೂ ಕಿತ್ಕೊಂಡ್ರೆ ನಾನೇನು ಮಣ್ಣು ತಿನ್ಲಾ?" ಎಂದ.

"ಇವಳು ಯಜಮಾನ್ರ ಮನೆಯವಳು ಕಣೋ, ಏಳಿದ್ರೂ ಸಾಲ್ದು" ಎಂದು ಹಿಂದಿನಿಂದ ಯಾರೋ ಕೂಗಿದರು. ಹಸ್ನಿ ನಿಜವಾಗಿಯೂ ಕೇರಿಯ ಯಜಮಾನರ ತಂಗಿಯ ಮಗಳು. ಅವಳೂ ನಕ್ಕಳು.

ನೀವು "ಕೊಟ್ಟು ನೋಡು ಸಾಪ್ರಿ. ನಿನ್ನ ಒಳಗಿನ ಸುತ್ತು ಆಗಲೇ ತುಂಬಿದೆ, ಈ ಒಂದೇ ನಿಂಗೆ ಭಾರ" ಎಂದಿರಿ. ಅವನು ಕೊಟ್ಟ. ಆಮೇಲೆ ಒಬ್ಬ ಸೋಡಿಯಂ, ಪಕ್ಕದಲ್ಲೊಬ್ಬಳು ಕ್ಲೋರಿನ್, ಮತ್ತೆ ಸೋಡಿಯಂ ಎಂದು ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿ, ಇದೇ ಉಪ್ಪಿನ ಹರಳು ಎಂದಿರಿ. ಎಂಟೂ ತುಂಬಿಕೊಂಡು ಯಾರ ಜೊತೆಗೂ ಸೇರದೆ ಇರುವ ಅನಿಲಗಳೂ ಇವೆ ಎಂದಾಗ ಜುಮಾಹಿರ, "ದೊಡ್ಮನೆ ಲಾಲು ಮನೆತನದೋರ ಥರ. ಹೆಣ್ಣು ಕೊಡಲ್ಲ, ತರಲ್ಲ, ನಮ್ ಬಾವಿ ನೀರೂ ಮುಟ್ಟಲ್ಲ" ಎಂದ. ನಾನು ಬಾಗಿಲಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ನಿಮಗೆ ಕಂಡಿರಬೇಕು. ಮರುದಿನದಿಂದ ನನಗೊಂದು ಸ್ಟೂಲು ಹಾಕಿಸಿದಿರಿ.

ನೀರಿನ ಪಾಠ ಬಂದಾಗ ಕಷ್ಟವಾಯಿತು. ಅಲ್ಲಿ ಯಾರೂ ಯಾರಿಗೂ ಕೊಡುವುದಿಲ್ಲ, ಇಬ್ಬರೂ ಒಂದೊಂದು ಬೀಜ ನಡುವೆ ಇಟ್ಟು ಇಬ್ಬರೂ ತಮ್ಮದೆಂದು ಎಣಿಸಿಕೊಳ್ಳುತ್ತಾರೆ. ಜಾವಾದಲ್ಲಿ ನೀವು ಮಕ್ಕಳ ಕೈಗೆ ಕೈ ಕೊಡಿಸಿ ತೋರಿಸುತ್ತಿದ್ದಿರಂತೆ. ಇಲ್ಲಿ ಅದು ಆಗದು. ನೀವು ನನ್ನ ಮನೆಯ ಎರಡು ಶಲ್ಯ ತರಿಸಿದಿರಿ. ನಡುವೆ ನುರ್ಮಿಯಾ ಆಮ್ಲಜನಕ. ಆ ಕಡೆ ಜುಮಾಹಿರ, ಈ ಕಡೆ ಸಾಪ್ರಿ, ಇಬ್ಬರೂ ಜಲಜನಕ. ಒಂದೊಂದು ಶಲ್ಯದ ತುದಿ ಅವರವರ ಕೈಯಲ್ಲಿ, ಶಲ್ಯದ ಹೊಟ್ಟೆಯಲ್ಲಿ ಎರಡೆರಡು ಬೀಜ. ಬೆರಳಿಗೆ ಬೆರಳು ತಾಗಲಿಲ್ಲ.

"ಬು, ನಡುವೆ ಇಟ್ಟದ್ದು ಕೊನೆಗೆ ಯಾರದು?" ಎಂದು ಜುಮಾಹಿರ ಕೇಳಿದ.

"ಇಬ್ಬರದೂ."

"ಜಗಳ ಬಂದ್ರೆ?"

"ಬರಲ್ಲ. ಬಿಡಿಸ್ಬೇಕು ಅಂದ್ರೆ ಹೊರಗಿಂದ ಶಕ್ತಿ ಹಾಕ್ಬೇಕು."

ಆಗ ಯಾರೋ "ಅಂದ್ರೆ ಮದುವೆ ಥರ" ಎಂದರು. ನೀವು ಸಿಟ್ಟಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಪರಮಾಣುಗಳಿಗೆ ಮದುವೆ ಇಲ್ಲ, ಈ ಕ್ಲಾಸಲ್ಲಿ ಆ ಮಾತೂ ಇಲ್ಲ ಎಂದಿರಿ. ನನಗೆ ಅರ್ಥವಾಯಿತು. ಹೋದ ವರ್ಷ ನಿಮ್ಮ ತರಗತಿಯಲ್ಲಿ ಒಂದೊಂದಾಗಿ ಖಾಲಿಯಾದ ಹುಡುಗಿಯರ ಬೆಂಚುಗಳ ಕೆಳಗೆ ಕಸ ಗುಡಿಸಿದವಳು ನಾನೇ ತಾನೇ.

ತರಬೇತಿಗೆ ಹೋಗುವ ಮುಂಚೆ ನೀವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. ಪೋಷಕರ ದಿನ ಮಕ್ಕಳು ಉಪ್ಪನ್ನೂ ನೀರನ್ನೂ ಆಡಿ ತೋರಿಸಬೇಕು, ಹೆಣ್ಣುಮಕ್ಕಳನ್ನು ಯಾಕೆ ಓದಿಸಬೇಕೆಂದು ಅಪ್ಪಂದಿರು ಕಣ್ಣಾರೆ ನೋಡಲಿ, ಅಭ್ಯಾಸ ನಿಲ್ಲಬಾರದು ಎಂದಿರಿ. "ಶಾಲೆ ಬಿಟ್ಟ ಮೇಲೆ ನೀನು ಅವರ ಜೊತೆ ಕೂತಿರು ರುಮಿಸಾ. ಹೊತ್ತು ಮುಳುಗಿ ಮಗ್ರಿಬ್ ಬಾಂಗು ಆಗೋಕೆ ಮೊದಲು ಎಲ್ಲರನ್ನೂ ಕಳಿಸಿ ಬೀಗ ಹಾಕು. ಮದುವೆಯಾದ ಹೆಂಗಸು ಒಬ್ಬಳು ಜೊತೆಗಿದ್ರೆ ಯಾರೂ ಏನೂ ಅನ್ನಲ್ಲ" ಎಂದು ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟಿರಿ.

ಸೋಮವಾರ ನಾನು ಬಾಂಗಿಗೆ ಮೊದಲೇ ಎದ್ದು ಬಂದೆ. ಅತ್ತೆಗೆ ಜ್ವರ ಬಂದಿತ್ತು.

ಉಳಿದ ಮಕ್ಕಳು ಆಗಲೇ ಹೋಗಿದ್ದರು. ಜುಮಾಹಿರ, ನುರ್ಮಿಯಾ ಇಬ್ಬರೇ ಇದ್ದರು. ಉಪ್ಪಿನಲ್ಲಿ ಕೊಟ್ಟುಬಿಡುವುದು ಯಾಕೆ, ನೀರಿನಲ್ಲಿ ಹಂಚಿಕೊಳ್ಳುವುದು ಯಾಕೆ ಎಂಬುದು ಅವನ ತಲೆಗೆ ಹೋಗುತ್ತಿರಲಿಲ್ಲ. ಅವಳು ನೆಲದ ಮೇಲೆ ಬೀಜ ಜೋಡಿಸಿ ತೋರಿಸುತ್ತಿದ್ದಳು. ನಾನು "ಹೊರಟೆ ಕಣ್ರೇ, ಬೇಗ ಬನ್ನಿ" ಎಂದೆ. ಅವಳು ತಲೆ ಎತ್ತದೆ "ಹ್ಞೂ ಅಕ್ಕ, ಈ ಕೋಣಂಗೆ ಇದೊಂದು ಅರ್ಥ ಆಗ್ಲಿ" ಎಂದಳು. ಬೀಗದಕೈ ಕಿಟಕಿಯ ಮೇಲಿಟ್ಟು ಬಂದೆ.

ಬಾಂಗು ಕೇಳಿದ ಮೇಲೆ ಅವರಿಗೆ ಎಚ್ಚರವಾಗಿದೆ. ಓಡುತ್ತ ಬಂದಿದ್ದಾರೆ. ಹೊಗೆಸೊಪ್ಪು ಒಣಗಿಸುವ ಗೂಡುಗಳ ಹತ್ತಿರ ಬಾತುಕೋಳಿ ಹೊಡೆದುಕೊಂಡು ಬರುತ್ತಿದ್ದ ಅಮಾಕ್ ಸಹ್ನಾನ್ ಎದುರಾಗಿ, "ಯಾರದು? ಯಾರ ಮಗಳೇ ನೀನು?" ಎಂದು ಕೂಗಿದ್ದಾನೆ. ಅಷ್ಟು ಸಾಕಾಯಿತು. ಕತ್ತಲಾದ ಮೇಲೆ ಹುಡುಗಿಯನ್ನು ಅಪ್ಪನ ಮನೆಗೆ ತಂದುಬಿಟ್ಟರೆ ಅದು ಅಪ್ಪನ ಮುಖಕ್ಕೆ ಉಗಿದ ಹಾಗೆ, ಬೇಡವೆಂದು ವಾಪಸ್ ಕೊಟ್ಟ ಹಾಗೆ. ನಮ್ಮ ಗಂಡುಹುಡುಗರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಜುಮಾಹಿರನಿಗೆ ಗಾಬರಿಯಲ್ಲಿ ತೋಚಿದ ಮರ್ಯಾದೆಯ ದಾರಿ ಅದೊಂದೇ. ಅವಳನ್ನು ತನ್ನ ಸೋದರತ್ತೆಯ ಮನೆಗೆ ಕರೆದೊಯ್ದ. ಆ ಹೆಂಗಸು ಪದ್ಧತಿಯಂತೆ ಯಜಮಾನರಿಗೆ ಸುದ್ದಿ ಮುಟ್ಟಿಸಿದಳು. ನುರ್ಮಿಯಾಳಿಗೆ ಏನಾಯಿತೆಂದು ತಿಳಿಯುವಷ್ಟರಲ್ಲಿ ಮದುಮಗಳಿಗೆ ಹಚ್ಚುವ ಹಾಗೆ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದರಂತೆ.

ಮಂಗಳವಾರ ಯಜಮಾನ ಸಾಪಾರುದಿನ್ ಅವರ ಬೆರುಗಾಕ್ ಕಟ್ಟೆಯಲ್ಲಿ ಎಲ್ಲರೂ ಕೂತರು. ಗಂಡಸರು ಹುಲ್ಲುಮಾಡಿನ ಕೆಳಗೆ ಕಟ್ಟೆಯ ಮೇಲೆ, ನಾವು ಹೆಂಗಸರು ಕೆಳಗೆ. ನುರ್ಮಿಯಾಳ ತಾಯಿ ಅಳುತ್ತ, ಟೀಚರು ರುಮಿಸಾಳನ್ನು ಕಾವಲಿಗೆ ಕೂರಿಸಿದ್ದರು, ಕೇಳಿ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು.

"ನೀನಲ್ಲಿದ್ಯೇನಮ್ಮ?" ಎಂದು ಯಜಮಾನರು ಕೇಳಿದರು.

ಬು ಕುಸ್ಮಿ, ನನ್ನಿಂದ ಆಗಲಿಲ್ಲ. ಅಷ್ಟು ಗಂಡಸರ ಮುಂದೆ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ಆದರೆ ಅದೊಂದೇ ಕಾರಣವೂ ಅಲ್ಲ. ನನ್ನ ಬದಲು ನನ್ನತ್ತೆ ಇನಾಕ್ ಸೆನಿ ಎದ್ದು ನಿಂತು, "ನಮ್ಮ ಹುಡುಗಿ ಮಧ್ಯಾಹ್ನಕ್ಕೇ ಮನೇಲಿದ್ಲು. ನಂಗೆ ಜ್ವರ ಅಂತ ಗಂಜಿ ಕಾಯಿಸ್ತಾ ಇದ್ಲು. ಗಂಡ ಮಲೇಷ್ಯಾದಲ್ಲಿರೋ ಸೊಸೆಯನ್ನ ನಾನು ಹೊತ್ತಲ್ಲದ ಹೊತ್ತಿನ ತನಕ ಶಾಲೇಲಿ ಬಿಡ್ತೀನಾ?" ಎಂದರು. ನಾನು ಸುಮ್ಮನಿದ್ದೆ.

"ಹಾಗಾದ್ರೆ ದೊಡ್ಡೋರು ಯಾರೂ ಜೊತೇಲಿರ್ಲಿಲ್ಲ. ಹುಡುಗ ಕರ್ಕೊಂಡೇ ಹೋದ ಅಂತಾಯ್ತು" ಎಂದರು ಯಜಮಾನರು. ಜುಮಾಹಿರ ಜೇಬಿನಿಂದ ಒಂದು ಹಿಡಿ ಹುಣಸೆಬೀಜ ತೆಗೆದು, ನಾವು ಪಾಠ ಮಾಡುತ್ತಿದ್ದೆವು ಎಂದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. "ಚೆನ್ನೆಮಣೆ ಆಡ್ತಿದ್ರಂತೆ ಕಣಯ್ಯ" ಎಂದ ಒಬ್ಬ.

ನಿನ್ನೆ ಬುಟ್ಟಿ ಹೊತ್ತು, ಬಾಳೆಹಣ್ಣು ಮಾರುವ ನೆಪದಲ್ಲಿ ಆ ಮನೆಗೆ ಹೋಗಿದ್ದೆ. ಹೆಂಗಸರ ನಡುವೆ ಕೂತು ನುರ್ಮಿಯಾ ಈರುಳ್ಳಿ ಬಿಡಿಸುತ್ತಿದ್ದಳು. ಯಾರದೋ ಹಳದಿ ಬಟ್ಟೆ ಉಡಿಸಿದ್ದರು, ಭುಜಕ್ಕೆ ದೊಡ್ಡದಾಗಿತ್ತು. ನನ್ನನ್ನು ಕಂಡು ಬೈಯುತ್ತಾಳೆ ಎಂದುಕೊಂಡೆ. ಅವಳು, "ಅಕ್ಕ, ಲೋಹದ ಪಾಠ ಆಯ್ತಾ? ನನ್ನ ಬದಲು ಆಮ್ಲಜನಕಕ್ಕೆ ಯಾರು ನಿಲ್ತಾರೆ?" ಎಂದಳು.

ಯಾರೂ ಇಲ್ಲ, ಅಭ್ಯಾಸವೇ ನಿಂತಿದೆ ಎಂದೆ.

"ಹಸ್ನಿಗೆ ಮಾತ್ರ ಹೇಳ್ಬೇಡಿ. ಅವಳು ಎರಡು ಶಲ್ಯಾನೂ ತನ್ ಕಡೆಗೇ ಎಳ್ಕೋತಾಳೆ" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ನೀವು ಹೊರಟಾಗ ಇನ್ನೂ ಬೆಳಕಿತ್ತು ಅಲ್ವಾ ಅಕ್ಕ? ನಾವು ಸುಮ್ನೆ ಕೂತು ಓದ್ತಿದ್ವಿ ಅಲ್ವಾ? ಅಷ್ಟು ಹೇಳಿ. ನಾನೂ ಅವನೂ ಎಷ್ಟು ಹೇಳಿದ್ರೂ ಯಾರೂ ನಂಬ್ತಿಲ್ಲ" ಎಂದಳು.

ಜಗಲಿಯಲ್ಲಿ ಜುಮಾಹಿರ ಬಿದಿರು ಸೀಳುತ್ತ ಕೂತಿದ್ದ, ಚಪ್ಪರಕ್ಕೆ. ನನ್ನ ಮುಖ ನೋಡಲಿಲ್ಲ. "ನಂಗೂ ಬೇಡ ಅಕ್ಕ ಇದು. ಬೇಡ ಅಂದ್ರೆ ಅವಳ ಮಾನ ತೆಗೆದ ಹಾಗಾಗುತ್ತೆ ಅಂತ ನಮ್ಮಪ್ಪ ಹೊಡೀತಾನೆ" ಎಂದ. ಈ ವಾರವೇ ಶಾಲೆ ಬಿಟ್ಟು ಕಲ್ಲುಕ್ವಾರಿಗೆ ಹೋಗಬೇಕಂತೆ, ಹೆಂಡತಿಯನ್ನು ಸಾಕುವವನು ಓದುತ್ತ ಕೂರುವಂತಿಲ್ಲವಂತೆ.

ಅಲ್ಲಿಂದ ಬಂದು ಈ ಕಾಗದ ಶುರುಮಾಡಿ ಹರಿದೆ. ಇವತ್ತು ಮತ್ತೆ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದೆ. ಒಂದು ಸುಳ್ಳಿದೆ. ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆ, ಹಾಗೇ ಬಿಟ್ಟಿದ್ದೇನೆ. ಅತ್ತೆಗೆ ಜ್ವರ ಬಂದಿರಲಿಲ್ಲ. ಕಟ್ಟೆಯ ಮುಂದೆ ಅವರಾಗಿ ಹುಟ್ಟಿಸಿದ ಜ್ವರ ಅದು, ನನ್ನ ಹೆಸರು ಉಳಿಸಲು. ಅದನ್ನೇ ನಾನು ನಿಮ್ಮ ಮುಂದೆಯೂ ಇಟ್ಟೆ.

ಸೋಮವಾರ ನನಗೆ ಮನೆಯಲ್ಲಿ ಯಾವ ಕೆಲಸವೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತು ಅವರಿಬ್ಬರನ್ನು ನೋಡುತ್ತಿದ್ದೆ. ಅವಳು ಬೀಜ ಸರಿಸಿ ತೋರಿಸುತ್ತಾಳೆ, ಅವನು ತಪ್ಪು ಹೇಳುತ್ತಾನೆ, ಅವಳು ನೆಲಕ್ಕೆ ಅಂಗೈ ಬಡಿದು ನಗುತ್ತಾಳೆ, ಮತ್ತೆ ಮೊದಲಿನಿಂದ ಹೇಳುತ್ತಾಳೆ. ಅವರ ನಡುವೆ ಬೇರೇನೂ ಇರಲಿಲ್ಲ, ದೇವರಾಣೆ. ಒಂದು ವಿಷಯ ಒಬ್ಬರಿಗೆ ತಿಳಿದಿದೆ, ಇನ್ನೊಬ್ಬರಿಗೆ ತಿಳಿಯಬೇಕಿದೆ, ಅಷ್ಟೇ. ಅಷ್ಟಕ್ಕೇ ಒಬ್ಬಳು ಹುಡುಗಿ ಅಷ್ಟು ಖುಷಿಯಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಅವಳಿಗಿಂತ ಚಿಕ್ಕವಳಿದ್ದಾಗ ನನ್ನನ್ನು ಜಾತ್ರೆಗೆ ಐಸ್ ಕೊಡಿಸುತ್ತೇವೆಂದು ಕರೆದೊಯ್ದು, ವಾಪಸ್ ಬರುವ ದಾರಿಯಲ್ಲಿ ಈಗಿನ ನನ್ನ ಗಂಡನ ನೆಂಟರ ಮನೆಗೆ ತಿರುಗಿಸಿದ್ದರು. ಆ ಸಂಜೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಬೇಕೆಂದು ನನಗೂ ಅನ್ನಿಸಿರಲಿಲ್ಲ. ನುರ್ಮಿಯಾ ನಕ್ಕಾಗಲೇ ಅನ್ನಿಸಿದ್ದು.

ಹೊಟ್ಟೆಕಿಚ್ಚು ಎಂದು ಬರೆಯಲು ಇಷ್ಟು ಹೊತ್ತು ಬೇಕಾಯಿತು. ಬಿಸಿಲು ಗೋಡೆಯಿಂದ ಇಳಿದಿತ್ತು. ಬಾಂಗಿಗೆ ಎಷ್ಟು ಹೊತ್ತಿದೆ ಎಂಬುದು ನನಗೆ ಗೊತ್ತಿತ್ತು. ಪಾಠದಲ್ಲಿ ಮುಳುಗಿದ್ದಾರೆ, ನಾನು ಎಬ್ಬಿಸದಿದ್ದರೆ ಏಳುವುದಿಲ್ಲ ಎಂಬುದೂ ಗೊತ್ತಿತ್ತು. ಎದ್ದು ಬುಟ್ಟಿ ತೆಗೆದುಕೊಂಡೆ. ಆಗಲಿ ಎಂದುಕೊಂಡೆನೋ, ಆಗಲಿಕ್ಕಿಲ್ಲ ಎಂದುಕೊಂಡೆನೋ, ಎಷ್ಟು ಯೋಚಿಸಿದರೂ ಈಗ ನೆನಪಿಗೆ ಬರುತ್ತಿಲ್ಲ. ಗೊತ್ತಿದ್ದೂ ಎದ್ದು ಬಂದೆ ಎಂಬುದು ಮಾತ್ರ ನಿಜ.

ನೀವು ಕೊಟ್ಟ ಬೀಗದಕೈ ಇನ್ನೂ ನನ್ನ ಸೊಂಟದಲ್ಲಿದೆ, ಮರುದಿನ ಕಿಟಕಿಯಿಂದ ತಂದುಕೊಂಡೆ. ಅದನ್ನು ಯಾರಿಗೆ ಕೊಡಲಿ ಹೇಳಿ. ನಾಳೆ ಕಟ್ಟೆಯ ಹತ್ತಿರ ಹೋಗಬೇಕೆಂದಿದ್ದೇನೆ. ಮಾತಾಡಿದರೆ ಅತ್ತೆ ಊರ ಮುಂದೆ ಸುಳ್ಳಿಯಾಗುತ್ತಾರೆ. ಅವರು ನನ್ನನ್ನು ಮಗಳ ಹಾಗೆ ನೋಡಿಕೊಂಡವರು. ಮಾತಾಡದಿದ್ದರೆ ನುರ್ಮಿಯಾ ಈರುಳ್ಳಿ ಬಿಡಿಸುತ್ತಲೇ ಇರುತ್ತಾಳೆ. ವ್ಯಾನು ಶನಿವಾರವೇ ಹೊರಡುವುದು. ಆದ್ದರಿಂದ ಈ ಕಾಗದವನ್ನು ಮುಗಿಸದೆ ಮಡಿಚಿಡುತ್ತೇನೆ.

ಶನಿವಾರ ಬೆಳಿಗ್ಗೆ

ಬು ಕುಸ್ಮಿ, ಮಾತಾಡಿದೆ. ಚೆನ್ನಾಗಿ ಮಾತಾಡಲಿಲ್ಲ. ಹೇಗಾಯಿತೋ ಹಾಗೆ ಬರೆಯುತ್ತೇನೆ.

ನಮಾಜಿನಿಂದ ಬಂದ ಗಂಡಸರು ಕೂತಾಗಿತ್ತು. ಎರಡೂ ಕಡೆಯವರು ತೆರದ ಮಾತು ಶುರುಮಾಡಿದ್ದರು. ನುರ್ಮಿಯಾಳನ್ನು ಹಳದಿ ಬಟ್ಟೆಯಲ್ಲಿ ತಂದು ಹೆಂಗಸರ ಹಿಂದೆ ಕೂರಿಸಿದ್ದರು. ನಾನು ಎದ್ದು ನಿಂತೆ. ನಿಂತದ್ದು ಯಾರಿಗೂ ಕಾಣಲಿಲ್ಲ. "ಯಜಮಾನ್ರೇ" ಎಂದೆ, ಅದು ಯಾರಿಗೂ ಕೇಳಲಿಲ್ಲ. ಕೊನೆಗೆ ಮೊದಲ ಮೆಟ್ಟಿಲು ಹತ್ತಿದೆ. ಹೆಂಗಸೊಬ್ಬಳು ಮೆಟ್ಟಿಲು ಹತ್ತಿದ್ದೇ ಎಲ್ಲರೂ ಮಾತು ನಿಲ್ಲಿಸಿದರು.

"ಸೋಮವಾರ ನಾನು ಶಾಲೇಲಿದ್ದೆ" ಎಂದೆ. "ಕಾಯ್ಬೇಕಾಗಿತ್ತು. ಗೊತ್ತಿದ್ದೂ ಬಿಟ್ಟು ಬಂದೆ. ಅತ್ತೆಗೆ ಜ್ವರ ಇರ್ಲಿಲ್ಲ. ಈ ಹುಡುಗ ಯಾರನ್ನೂ ಕದ್ದಿಲ್ಲ. ಕದ್ದಿದ್ರೆ ಅವರಿಬ್ಬರ ಹೊತ್ತನ್ನ ನಾನು ಕದ್ದಿದ್ದು."

ಅತ್ತೆ ನನ್ನ ಹೆಸರು ಹಿಡಿದು ಒಂದೇ ಸಲ ಕರೆದರು. ನಾನು ತಿರುಗಲಿಲ್ಲ. ತಿರುಗಿದ್ದರೆ ಇಳಿದುಬಿಡುತ್ತಿದ್ದೆ.

ಕಟ್ಟೆಯ ಮೂಲೆಯಲ್ಲಿ ಹಟ್ಟಿಯ ಪದ್ಧತಿ ನೋಡಿಕೊಳ್ಳುವ ಹಿರಿಯರಾದ ಅಮಾಕ್ ರಿನಾಸೆ ಕೂತಿದ್ದರು. ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, "ಯಾಕೆ ಬಿಟ್ಟು ಬಂದೆ?" ಎಂದರು.

"ಅವಳು ಓದೋದು ನೋಡಿ ಹೊಟ್ಟೆ ಉರೀತು ಅಮಾಕ್. ನನ್ನನ್ನ ಕರ್ಕೊಂಡು ಹೋದಾಗ ನಾನು ಇವಳಿಗಿಂತ ಚಿಕ್ಕೋಳು. ನಂಗೆ ಬೇಕಾ ಬೇಡ್ವಾ ಅಂತ ಯಾರೂ ಕೇಳಿರ್ಲಿಲ್ಲ."

ಆ ಮುದುಕರು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, "ಅಷ್ಟು ಹೊತ್ತು ಏನು ಓದ್ತಿದ್ರು?" ಎಂದರು.

ನೀವಿದ್ದರೆ ನಗುತ್ತಿದ್ದಿರಿ. ಅಷ್ಟು ಗಂಡಸರ ಮುಂದೆ ನಾನು ರಾಸಾಯನಿಕ ಬಂಧದ ಪಾಠ ಹೇಳಲು ಹೊರಟೆ. ಉಪ್ಪಿನಲ್ಲಿ ಸೋಡಿಯಂ ಅನ್ನುವವನು ತನ್ನ ಬೀಜ ಕೊಟ್ಟುಬಿಡುತ್ತಾನೆ ಎಂದೆ. ಅಲ್ಲಿಯವರೆಗೆ ಸರಿಯಿತ್ತು. "ನೀರಲ್ಲೂ ಹಾಗೇ, ಜಲಜನಕಗಳು ಎರಡೂ ಸೇರಿ ಆಮ್ಲಜನಕಕ್ಕೆ ಕೊಟ್ಟು..." ಎನ್ನುತ್ತಿದ್ದೆ.

"ಕೊಡೋದಲ್ಲ ಅಕ್ಕ" ಎಂದು ಹಿಂದಿನಿಂದ ದನಿ ಬಂತು. "ಹಂಚ್ಕೊಳ್ಳೋದು. ಎಷ್ಟು ಸಲ ಹೇಳಿದೀವಿ."

ನುರ್ಮಿಯಾ. ಎದ್ದು ನಿಂತುಬಿಟ್ಟಿದ್ದಳು. ಭುಜದಿಂದ ಜಾರುತ್ತಿದ್ದ ಹಳದಿ ಬಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ, ಆಮ್ಲಜನಕಕ್ಕೆ ಎರಡು ಕಮ್ಮಿ, ಜಲಜನಕಕ್ಕೆ ಒಂದೊಂದು ಕಮ್ಮಿ, ಯಾರ ಹತ್ತಿರವೂ ಕೊಡುವಷ್ಟಿಲ್ಲ, ಅದಕ್ಕೆ ನಡುವೆ ಇಡುತ್ತಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಕಟ್ಟೆಯ ಆ ಕಡೆಯಿಂದ ಜುಮಾಹಿರ ಮೆಲ್ಲಗೆ, "ನಂಗೆ ಅರ್ಥ ಆಗ್ಲಿಲ್ಲ ಅಂದಿದ್ದು ಇದೇ" ಎಂದ.

"ಅಂದ್ರೆ ಈ ಆಮ್ಲಜನಕಕ್ಕೆ ಎರಡು ಕಡೆ ಸಂಬಂಧವಾ?" ಎಂದರು ಅಮಾಕ್ ರಿನಾಸೆ. ಗಂಡಸರು ಗೊಳ್ಳೆಂದು ನಕ್ಕರು.

"ಪರಮಾಣುಗಳಿಗೆ ಮದುವೆ ಇಲ್ಲ ಅಮಾಕ್. ಬು ಕುಸ್ಮಿ ಹೇಳಿದಾರೆ" ಎಂದಳು ಅವಳು.

ಮುದುಕರು ನಗಲಿಲ್ಲ. "ನಿಂಗೆ?" ಎಂದರು.

"ನಂಗೂ ಬೇಡ. ಶಾಲೆ ಬೇಕು."

ಹುಡುಗನನ್ನೂ ಕೇಳಿದರು. ಅವನು ಅಪ್ಪನ ಕಡೆ ನೋಡಿ, ಮತ್ತೆ ನೆಲ ನೋಡಿ, ಬೇಡ ಎಂದ. ನುರ್ಮಿಯಾಳ ಅಪ್ಪ ಎದ್ದು, "ಹೊರಗೆ ಇದ್ದು ಬಂದ ಮಗಳನ್ನ ಮನೆಗೆ ಕರ್ಕೊಂಡು ಹೋಗಿ ನಾನು ಹೇಗೆ ತಲೆ ಎತ್ಕೊಂಡು ತಿರುಗ್ಲಿ?" ಎಂದು ಕೂಗಾಡಿದ. ಅದಕ್ಕೆ ಅಮಾಕ್ ರಿನಾಸೆ, "ಕದ್ದಿದ್ರೆ ತಾನೇ ವಾಪಸ್ ಕೊಡೋ ಮಾತು? ಕಾವಲಿನವಳೇ ಬಿಟ್ಟು ಹೋದೆ ಅಂತಿದಾಳೆ. ನಿನ್ನ ಮಗಳು ಶಾಲೆಯಿಂದ ಮನೆಗೆ ಬರೋದು ತಡವಾಯ್ತು, ಅಷ್ಟೇ. ಕರ್ಕೊಂಡು ಹೋಗು" ಎಂದರು. ನನಗೆ ಹಟ್ಟಿಯವರು ಒಂದು ಆಡಿನ ದಂಡ ಹಾಕಿದರು. ಒಪ್ಪಿಕೊಂಡೆ.

ನುರ್ಮಿಯಾಳ ತಾಯಿ ತನ್ನ ಶಲ್ಯವನ್ನೇ ಹೊದಿಸಿ ಅವಳನ್ನು ಕರೆದುಕೊಂಡು ಹೋದಳು. ಹೋಗುವಾಗ ಹುಡುಗಿ ನನ್ನ ಕಡೆ ನೋಡಲಿಲ್ಲ. ಗೊತ್ತಿದ್ದೂ ಬಿಟ್ಟು ಬಂದೆ ಎಂದದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಪಾಠ ತಿದ್ದಿದವಳು ನನ್ನನ್ನು ತಿದ್ದಲು ಬರಲಿಲ್ಲ. ಅದು ಸರಿಯೇ.

ಅವಳಪ್ಪ ಇನ್ನೂ ಬಿಗಿಯಾಗಿದ್ದಾನೆ. ಟೀಚರು ಬಂದು ಕರೆದರೆ ಶಾಲೆಗೆ ಕಳಿಸುವ ಮಾತು, ಇಲ್ಲದಿದ್ದರೆ ಇಲ್ಲ ಎಂದಿದ್ದಾನೆ. ನಿಮ್ಮ ತರಬೇತಿ ಮುಗಿಯಲು ಇನ್ನೂ ದಿನಗಳಿವೆ ಎಂದು ಗೊತ್ತು. ಆದರೂ ಈ ಕಾಗದ ಕೈಸೇರಿದ ಕೂಡಲೇ ಒಂದು ದಿನದ ಮಟ್ಟಿಗಾದರೂ ಬನ್ನಿ. ಅವನ ಮನೆಯ ಮುಂದೆ ನಿಂತು ಅವಳ ಹೆಸರು ಕರೆಯಿರಿ. ನನ್ನನ್ನು ಜೊತೆಗೆ ಕರೆದೊಯ್ಯಬೇಡಿ. ಬೀಗದಕೈಯನ್ನು ಹೆಡ್‌ಮಾಸ್ತರರಿಗೆ ಕೊಟ್ಟಿದ್ದೇನೆ. ಪೋಷಕರ ದಿನ ಮಕ್ಕಳ ಜೊತೆ ಕೂರಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ನಿಮ್ಮ ನಂಬಿಕೆ ಕೆಡಿಸಿದವಳು, ಆದರೂ ನಿಮ್ಮವಳೇ ಆದ

ರುಮಿಸಾ

ಮರೆತಿದ್ದೆ: ಉತ್ತರ ಬರೆಯುವುದಾದರೆ ಅತ್ತೆಯ ಮನೆಗೆ ಹಾಕಬೇಡಿ, ಈಗ ನಾನು ಅಲ್ಲಿಲ್ಲ. ಕಾಲುವೆಯ ಆಚೆ ನನ್ನ ತಾಯಿಯ ಮನೆಯಲ್ಲಿದ್ದೇನೆ. ಕಟ್ಟೆಯಲ್ಲಿ ನಾನಾಡಿದ ಮಾತು ಅಂದೇ ಮಲೇಷ್ಯಾ ಮುಟ್ಟಿದೆ. ಇವತ್ತು ಬೆಳಗಾಗುತ್ತಲೇ ಗಂಡ ಫೋನು ಮಾಡಿದ. ಬೈಯುತ್ತಾನೆ ಎಂದುಕೊಂಡೆ. ಅವನು ಕೆಟ್ಟವನಲ್ಲ, ಬು ಕುಸ್ಮಿ. ನನ್ನನ್ನು ಕರೆದೊಯ್ದ ದಿನ ಅವನಿಗೂ ಮೀಸೆ ಬಂದಿರಲಿಲ್ಲ. "ಅವತ್ತು ನಿಂಗೆ ಇಷ್ಟ ಇರ್ಲಿಲ್ವಾ?" ಎಂದಷ್ಟೇ ಕೇಳಿದ. ನಾನು ತಲೆ ತಗ್ಗಿಸಿದೆ. ಫೋನಿನಲ್ಲಿ ಅದು ಕಾಣುವುದಿಲ್ಲ, ಬಾಯಿಬಿಟ್ಟೇ ಹೇಳಬೇಕಾಯಿತು. ಇರಲಿಲ್ಲ ಎಂದೆ. ಅವನು ಫೋನು ಇಡಲಿಲ್ಲ. ತಾಳೆತೋಟದ ಲಾರಿಗಳ ಸದ್ದು ಆ ಕಡೆಯಿಂದ ಬಹಳ ಹೊತ್ತು ಕೇಳುತ್ತಲೇ ಇತ್ತು.